ಚೂಪು ನಿಲ್ಲದ ಕೈ

ಶಿವರಾತ್ರಿ ಕಳೆದು ಚಳಿ ಕಾಲ್ತೆಗೆದ ವಾರ, ರಂಜಾನ್ ಉಪವಾಸ ಆಗಷ್ಟೇ ಶುರುವಾಗಿದೆ. ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಚನ್ನಪಟ್ಟಣದ ಹಳೇ ಹೆದ್ದಾರಿಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ಮರದ ಆಟಿಕೆ ಮಾಡುವ ಬಿಸ್ಮಿಲ್ಲಾ ತಮ್ಮ ಷೆಡ್ಡಿನ ತಗಡಿನ ಬಾಗಿಲು ಸರಿಸಿ, ಗೋಡೆಗೆ ಒರಗಿಸಿದ್ದ ಗೋಣಿಚೀಲವೊಂದನ್ನು ಎಳೆದು ತಂದು ನೆಲಕ್ಕೆ ಸುರಿಯುತ್ತಾರೆ. ಗಲಗಲ ಎಂದು ಉರುಳುವುದೆಲ್ಲ ಅಂಗಡಿಯವರು ಬೇಡವೆಂದು ವಾಪಸ್ಸು ಕಳಿಸಿದ ಮಾಲು. ಮುಂಡವಿಲ್ಲದ ಗೊಂಬೆ ತಲೆ, ಮುಚ್ಚಳ ಕಳೆದ ಕುಂಕುಮದ ಭರಣಿ, ಸೀಳು ಬಿಟ್ಟ ಬಳೆ, ಆಟದ ರೈಲಿನ ಹೊಗೆಕೊಳವೆ, ಗಿಲಕಿಯ ಹಿಡಿ. ಅವರು ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡುತ್ತಾರೆ. ಆ ರಾಶಿಯೊಳಗಿಂದ ಅವರು ಒಂದು ಕಾರನ್ನು ಹುಡುಕಿ ತೆಗೆಯಬೇಕಾಗಿದೆ.

"ಹಿಂದ್ಲು ಚಕ್ರ ದಪ್ಪ ಇರ್ಬೇಕಂತೆ, ಮುಂದ್ಲುದು ಒಸಿ ಸಣ್ಣ," ಅನ್ನುತ್ತಾರೆ. "ಗೂಳಿಗೆ ಬಲ ಮುಂದುಗಡೆ ಇರ್ತದೆ. ಈ ಕಾರ್ಗೆ ಹಿಂದುಗಡೆ ಐತೆ."

ಬೆಂಗಳೂರಿನಲ್ಲಿ ಪ್ರತಿಮಾ ಎಂಬುವವರ ಅಂಗಡಿ ಇದೆ. ಕಾರಿನ ಹುಚ್ಚಿರುವ ದೊಡ್ಡವರು ಅಲ್ಲಿ ಪುಟ್ಟ ಪುಟ್ಟ ಕಾರುಗಳನ್ನು ಕೊಂಡು ಗಾಜಿನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ಕೆಲವರಿಗೆ ಅಮೆರಿಕದ ಹಳೇ 'ಮಸಲ್ ಕಾರು', ಅಂದರೆ ಭಾರೀ ಇಂಜಿನ್ನಿನ ಕಟ್ಟುಮಸ್ತಾದ ಕಾರು, ಬೇಕು. ಮೂತಿ ಉದ್ದ, ಬೆನ್ನು ಗಿಡ್ಡ, ಇಂಜಿನ್ನಿಗೆ ಗಾಳಿ ಹೋಗಲು ಬಾನೆಟ್ಟಿನ ಮೇಲೊಂದು ಗೂಡು. ಅಸಲಿ ಕಾರಿನ ಅಳತೆಯನ್ನೇ ಕುಗ್ಗಿಸಿರಬೇಕು, ಮರದ್ದಾಗಿರಬೇಕು, ಚನ್ನಪಟ್ಟಣದ ಅರಗಿನ ಹೊಳಪು ಇರಬೇಕು, ಬಣ್ಣ ಚಕ್ರಗಳೆಲ್ಲ ಕೊಳ್ಳುವವರು ಕೇಳಿದ ಹಾಗಿರಬೇಕು. ಪ್ರತಿಮಾ ಫೋಟೊ ಕಳಿಸಿ, ಯುಗಾದಿಯೊಳಗೆ ಒಂದು ಮಾದರಿ ಮಾಡಿ ತೋರಿಸಿ ಅಂದರು. ಹಿಡಿಸಿದರೆ ವರ್ಷವಿಡೀ ಇಬ್ಬರಿಗೆ ಕೆಲಸ.

ಹಸಿ ಹಾಲೆ ಮರ ಒಣಗಲು ತಿಂಗಳುಗಟ್ಟಲೆ ಬೇಕು. ಒಣಗದ ಮರಕ್ಕೆ ಬಿಸಿ ಅರಗು ತಾಗಿದರೆ ಬಿರಿಯುತ್ತದೆ. ಷೆಡ್ಡಿನಲ್ಲಿದ್ದ ಒಣಮರವೆಂದರೆ ಆ ಚೀಲದೊಳಗಿನದೇ. ಹಾಗಾಗಿ ಕಾರು ಹುಟ್ಟಬೇಕಾದದ್ದು ಬೇಡವಾದ ಬಿಡಿಭಾಗಗಳಿಂದ.

ಬಿಸ್ಮಿಲ್ಲಾಗೆ ಈಗ ಐವತ್ತೆಂಟು. ಹುಟ್ಟಿದ್ದು ರಾಮನಗರದ ರೇಷ್ಮೆ ಬಿಚ್ಚುವವರ ಮನೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗ ಕುದಿವ ನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಗಳೆಲ್ಲ ಬಿಳಿಚಿಕೊಂಡಿದ್ದವಂತೆ. ಗಂಡ ಶರೀಫ್ ಆ ಬೆರಳುಗಳನ್ನು ನೋಡಿ, ಬಿಸಿಗೆ ಹೆದರದ ಕೈ ಇದು, ಅರಗಿಗೆ ಆಗಿಬರುತ್ತದೆ ಎಂದು ಲೇತಿನ ಮುಂದೆ ಕೂರಿಸಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವುದು, ಉಜ್ಜಿದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುವುದು, ಮೇಲೆ ತಾಳೆ ಗರಿ ಹಿಡಿದರೆ ಮುಖ ಕಾಣುವ ಹಾಗೆ ಹೊಳೆಯುವುದು. ಒಂದೇ ಮಳೆಗಾಲದಲ್ಲಿ ಕಲಿತರು. ಒಳ್ಳೆಯ ಕಾಲದಲ್ಲಿ ದಿನಕ್ಕೆ ಇನ್ನೂರು ಚಕ್ರ ಅವರ ಕೈಯಿಂದ ಇಳಿಯುತ್ತಿದ್ದವು.

ಆ ಮನೆಯಲ್ಲಿ ಇನ್ನೊಂದು ಪಾಠವೂ ಇತ್ತು. ಯಾವ ಆಟಿಕೆ ಮುಗಿದರೂ ಅದನ್ನು ಕೆಳತುಟಿಗೆ ಒತ್ತಿ ಸುತ್ತಲೂ ಒಮ್ಮೆ ಎಳೆಯಬೇಕು. ತುಟಿಗೆ ಎಲ್ಲಾದರೂ ತೊಡರಿತೋ, ಹೆಬ್ಬೆರಳಿಗೆ ಉಪ್ಪುಕಾಗದ ಸುತ್ತಿಕೊಂಡು ತಿಕ್ಕಬೇಕು. ಮಗು ಮೊದಲು ಬಾಯಿಗೆ ಹಾಕುತ್ತದೆ, ಆಮೇಲೆ ಆಡುತ್ತದೆ ಎನ್ನುವುದು ಶರೀಫರ ಮಾತು. ಹೊಸದರಲ್ಲಿ ಬಿಸ್ಮಿಲ್ಲಾ ಮಾಡಿದ ಬುಗುರಿಯೊಂದು ಯಾವುದೋ ಊರಿನ ಕೂಸಿನ ತುಟಿ ಕುಯ್ದು, ಅಂಗಡಿಯ ಮೂಲಕ ವಾಪಸ್ಸು ಬಂತು. ಗಂಡ ಬೈಯಲಿಲ್ಲ. ಬುಗುರಿಯನ್ನು ಒಲೆಗೆ ಹಾಕಿ, ಅದು ಉರಿದು ಬೂದಿಯಾಗುವ ತನಕ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ಅಂದಿನಿಂದ ಬಿಸ್ಮಿಲ್ಲಾ ಮಾಡಿದ ಯಾವ ಸಾಮಾನೂ ಆ ಕಾರಣಕ್ಕೆ ಹಿಂದಿರುಗಿಲ್ಲ.

ಮರದ ಧೂಳು ಕುಡಿದು ಕುಡಿದು ಶರೀಫರ ಎದೆ ಕಟ್ಟಿತು. ಅವರು ಹೋಗಿ ವರ್ಷಗಳಾದವು. ಆಮೇಲೆ ಹೊಸ ಹೆದ್ದಾರಿ ಊರಾಚೆ ಬಂತು. ಮೈಸೂರಿಗೆ ಹೋಗುವ ಕಾರುಗಳು ಈಗ ಊರಿನೊಳಗೆ ಬರುವುದಿಲ್ಲ. ಹಳೇ ರಸ್ತೆಯ ಆಟಿಕೆ ಅಂಗಡಿಗಳಲ್ಲಿ ಮಧ್ಯಾಹ್ನದ ಹೊತ್ತು ಮಾಲೀಕರು ತೂಕಡಿಸುತ್ತಾರೆ. ಮನೆಗೊಂದು ಲೇತು ಗುಂಯ್‌ಗುಡುತ್ತಿದ್ದ ಗಲ್ಲಿಯಲ್ಲಿ ಈಗ ಕಿವಿಗೆ ಬೀಳುವುದು ಬಿಸ್ಮಿಲ್ಲಾರದೊಂದೇ.

ಆ ಲೇತು ನಿಲ್ಲದೆ ನಡೆದದ್ದು ಲೋಕೇಶನಿಂದ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯವನು, ಬಡಗಿ, ನಲವತ್ತು ದಾಟಿದವನು. ಶರೀಫರಿದ್ದಾಗಲೇ ಬಂದು ಸೇರಿದ. ದಿಮ್ಮಿ ಹೊತ್ತು ತರುವುದು, ಸೀಳುವುದು, ಹಲಗೆ ಜೋಡಿಸುವುದು, ಲೇತಿನ ಬೆಲ್ಟು ಹರಿದರೆ ಹಾಕುವುದು, ಎಲ್ಲ ಅವನೇ. ಗುಂಡಗಿರುವುದೆಲ್ಲ ಅಕ್ಕನದು, ಚಪ್ಪಟೆಯದು ನನ್ನದು ಎಂದು ನಗುತ್ತಿದ್ದ. ಭುಜ ಬಿದ್ದುಹೋಗಿರುವ ಬಿಸ್ಮಿಲ್ಲಾ ಒಬ್ಬರೇ ದಿಮ್ಮಿ ಎತ್ತಲಾರರು. ಹಾರೋಹಳ್ಳಿಯಲ್ಲಿ ಅಡುಗೆಮನೆ ಕಪಾಟು ಮಾಡುವ ಕಾರ್ಖಾನೆಯೊಂದಕ್ಕೆ ಲೋಕೇಶನ ಭಾವಮೈದ ಅವನನ್ನು ಕರೆಯುತ್ತಲೇ ಇದ್ದ. ಯುಗಾದಿಯೊಳಗೆ ಕೆಲಸ ಕುದುರದಿದ್ದರೆ ಹೊರಡುತ್ತೇನೆ ಎಂದು ಲೋಕೇಶ ಸಂಕ್ರಾಂತಿಯಲ್ಲೇ ಮುಖಕ್ಕೆ ಮುಖ ಕೊಟ್ಟು ಹೇಳಿದ್ದ. ಅವನು ಹೊರಟರೆ ಷೆಡ್ಡು ಮುಚ್ಚಿದ ಹಾಗೆಯೇ. ಹಾಗಾಗಿ ಆ ಒಂದು ಕಾರಿನ ಮೇಲೆ ಎಲ್ಲವೂ ನಿಂತಿತ್ತು.

ಇಬ್ಬರೂ ಅಂಥ ಕಾರನ್ನು ಕಣ್ಣಾರೆ ಕಂಡವರಲ್ಲ. ಲೋಕೇಶ ಅದಕ್ಕೆ ಪೈಲ್ವಾನ್ ಕಾರು ಎಂದು ಹೆಸರಿಟ್ಟ. ರೈಲಿನ ತಳದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒಡಲು ಕಟ್ಟಿದ. ಹಿಂದಿನ ಚಕ್ರಗಳು ಹಳೇ ರೋಡ್ ರೋಲರ್ ಆಟಿಕೆಯಿಂದ ಬಂದವು, ಮುಂದಿನವು ರೈಲಿನಿಂದ. ಗಿಲಕಿಯ ಹಿಡಿ ಸೀಳಿ ಬಂಪರು ಮಾಡಿದರು, ಜಪಸರದ ಮಣಿ ದೀಪಗಳಾದವು, ಗೊಂಬೆಯ ಬಳೆ ಸ್ಟೀರಿಂಗಾಯಿತು. ಕುಂಕುಮದ ಭರಣಿಯನ್ನು ಅರ್ಧಕ್ಕೆ ಕೊಯ್ದು ಬಾನೆಟ್ಟಿನ ಗಾಳಿಗೂಡು ಮಾಡಿದಾಗ ಬಿಸ್ಮಿಲ್ಲಾ, ಹಾಗಾದರೆ ಇದು ಮುತ್ತೈದೆ ಕಾರು ಎಂದು ಚುಡಾಯಿಸಿದರು. ಉಪವಾಸದ ಒಣಬಾಯಲ್ಲೂ ಷೆಡ್ಡಿನಲ್ಲಿ ನಗು ಕೇಳಿದ್ದು ಎಷ್ಟೋ ದಿನಗಳ ಮೇಲೆ.

ಕಾರಿನ ಬಿಗುವೆಲ್ಲ ಇದ್ದದ್ದು ಅದರ ಅಂಚುಗಳಲ್ಲಿ. ಬಾನೆಟ್ಟಿನ ನಡುವೆ ಓಡುವ ಏಣು, ಬಾಗಿಲ ಮೇಲಿನ ಗೆರೆ, ಹಿಂಬದಿಯ ಮೂಲೆ. ಲೋಕೇಶ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿ, ಅರ ಹಿಡಿದು ಒಂದೊಂದನ್ನೂ ಚಾಕುವಿನ ಅಲಗಿನ ಹಾಗೆ ಎಬ್ಬಿಸಿದ. ಆಮೇಲೆ ಹೆಂಡತಿಯ ಕಡೆಯ ಸಾವಿಗೆಂದು ಊರಿಗೆ ಹೋದ. ಚಪ್ಪಟೆ ಮರ ಲೇತಿನಲ್ಲಿ ತಿರುಗುವುದಿಲ್ಲವಾದ್ದರಿಂದ ಬಿಸ್ಮಿಲ್ಲಾ ಕಬ್ಬಿಣದ ಪಟ್ಟಿ ಕಾಯಿಸಿ, ಕಪ್ಪು ಅರಗನ್ನು ಒಡಲ ಮೇಲೆ ಎಳೆದೆಳೆದು ಹರಡಿದರು. ಉಪ್ಪುಕಾಗದದಲ್ಲಿ ಉಜ್ಜಿದರು, ಗರಿ ಹಿಡಿದರು. ಮತ್ತೆ ಹರಡಿದರು, ಮತ್ತೆ ಉಜ್ಜಿದರು.

ಲೋಕೇಶ ವಾಪಸ್ಸು ಬಂದಾಗ ಕಾರು ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಬಾನೆಟ್ಟಿನ ಮೇಲೆ ಬೆರಳಾಡಿಸಿದ.

"ಅಕ್ಕ, ಗೆರೆ ಎಲ್ಲೋದ್ವು?" ಅಂದ.

ಬಿಸ್ಮಿಲ್ಲಾಗೆ ಅರ್ಥವಾಗಲಿಲ್ಲ. ಎಲ್ಲೂ ತೊಡರಲ್ಲ ಕಣಪ್ಪ, ನೋಡಿದ್ದೀನಿ ಎಂದು ಕಾರನ್ನು ಈಸಿಕೊಂಡು ಕೆಳತುಟಿಗೆ ಒತ್ತಿ ಮೂತಿಯಿಂದ ಬಾಲದ ತನಕ ಎಳೆದರು. ಅರ್ಧಕ್ಕೆ ಬರುವಷ್ಟರಲ್ಲಿ, ಅವನು ಎಬ್ಬಿಸಿದ್ದ ಏಣೂ ತುಟಿಗೆ ಸಿಗದೆ ಕೈ ನಿಂತಿತು.

"ವಾರ ಬಳಸಿದ ಸೋಪ್ ಆಗೋಗದೆ ಕಣಕ್ಕ ಪೈಲ್ವಾನ್," ಅಂದ ಲೋಕೇಶ. ನೋಯಿಸಬೇಕೆಂದು ಆಡಿದ ಮಾತಲ್ಲ. ಬಿಸ್ಮಿಲ್ಲಾ ನಕ್ಕರು ಕೂಡ. ನಕ್ಕು ಮುಗಿದ ಮೇಲೆ ಸೆರಗು ಎಳೆದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಪ್ರತಿಮಾ ಒಳ್ಳೆಯ ಹೆಂಗಸು. ಬಂದು ಕಾರನ್ನು ಅಂಗೈಯಲ್ಲಿ ಇಟ್ಟುಕೊಂಡು ಹೊಳಪಿಗೆ ಮನಸೋತರು. ಆದರೆ ತಮ್ಮ ಗಿರಾಕಿಗಳು ಮಕ್ಕಳಲ್ಲ, ಅವರ ಕಣ್ಣು ಮೊದಲು ಹೋಗುವುದೇ ಅಂಚಿಗೆ ಎಂದು ಮೆಲ್ಲಗೆ ಹೇಳಿದರು. ಇನ್ನೊಮ್ಮೆ ಚೂಪು ಬರಿಸಲು ಆಗುತ್ತದೆಯೇ ಎಂದು ಕೇಳಿ, ಯುಗಾದಿಯ ಹಿಂದಿನ ದಿನದವರೆಗೆ ಸಮಯ ಕೊಟ್ಟು ಹೋದರು.

ಲೋಕೇಶ ಮತ್ತೆ ಅರ ಹಿಡಿದ. ಅರಗು ಚಕ್ಕೆ ಚಕ್ಕೆಯಾಗಿ ಎದ್ದಿತು, ಅಡಿಯ ಮರ ತೆಳ್ಳಗಾಯಿತು, ಆದರೂ ಏಣು ಎದ್ದು ನಿಂತಿತು. ಅರಗು ಹಚ್ಚಿ ಉಜ್ಜುವುದನ್ನು ಈ ಸಲ ನೀನೇ ಮಾಡು ಎಂದು ಬಿಸ್ಮಿಲ್ಲಾ ಅವನಿಗೇ ಬಿಟ್ಟರು. ಅವನ ಕೈಯಲ್ಲಿ ಅರಗು ಗಂಟುಗಂಟಾಗಿ ಹೆಪ್ಪುಗಟ್ಟಿತು, ಒಂದು ಕಡೆ ಸುಟ್ಟು ಗುಳ್ಳೆ ಎದ್ದಿತು. ಕೊನೆಗೆ ಬಿಸ್ಮಿಲ್ಲಾರೇ ಕೂತರು. ಹೆಬ್ಬೆರಳಿಗೆ ಬಟ್ಟೆ ಬಿಗಿದು ಕಟ್ಟಿಕೊಂಡರು, ಕಾರನ್ನು ತುಟಿಯ ಹತ್ತಿರಕ್ಕೂ ತರಲಿಲ್ಲ. ಲೋಕೇಶ ಎದುರಿಗೇ ಕಾವಲು ಕೂತ. ಅಕ್ಕ, ಅಂಚು, ಎಂದು ಆಗಾಗ ಎಚ್ಚರಿಸುತ್ತಲೂ ಇದ್ದ.

"ಅಂಚು ನನ್ನ ಕಣ್ಮುಂದೇನೆ ಓಯ್ತು," ಅನ್ನುತ್ತಾರೆ ಬಿಸ್ಮಿಲ್ಲಾ. "ಬ್ಯಾಡ ಬ್ಯಾಡ ಅಂತ ಮನಸ್ಸು ಯೋಳ್ತಾನೆ ಐತೆ. ಬೆರಳು ಕೇಳ್ಬೇಕಲ್ಲ. ಚೂಪು ಸಿಕ್ತು ಅಂದ್ರೆ ತಿಕ್ಕಿ ಮಲಗಿಸ್ಬುಡ್ತದೆ. ಇವನೂ ನೋಡ್ತಾ ಕುಂತವ್ನೆ, ನಾನೂ ನೋಡ್ತಾ ಕುಂತಿವ್ನಿ. ಯಾರೋ ಬೇರೆಯವರ ಕೈ ಮಾಡ್ದಂಗೆ."

ಇನ್ನೊಂದು ಒಡಲಿಗೆ ಒಣಹಲಗೆ ಉಳಿದಿರಲಿಲ್ಲ, ದಿನವೂ ಉಳಿದಿರಲಿಲ್ಲ. ಪ್ರತಿಮಾ ಫೋನಿನಲ್ಲೇ ಫೋಟೊ ನೋಡಿ, ಬೇರೆ ಕಡೆ ಮಷೀನಿನಲ್ಲಿ ಅಚ್ಚು ಹಾಕಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಂದರು. ಬಿಸ್ಮಿಲ್ಲಾ ಪರವಾಗಿಲ್ಲಮ್ಮ ಎಂದು ಫೋನನ್ನು ಲೋಕೇಶನ ಕೈಗೆ ಕೊಟ್ಟರು. ಅವನು ಒಂದು ಮಾತೂ ದೂರಲಿಲ್ಲ. ದೂರಿದ್ದರೆ ಒಸಿ ಹಗುರಾಗುತ್ತಿತ್ತು ಎನ್ನುತ್ತಾರೆ ಬಿಸ್ಮಿಲ್ಲಾ.

ಆ ವರ್ಷ ಯುಗಾದಿಯ ಬೆನ್ನಿಗೇ ಈದ್ ಬಂತು. ಲೋಕೇಶನ ಮನೆಯಿಂದ ಒಬ್ಬಟ್ಟು ಬಂತು, ಇವರ ಮನೆಯಿಂದ ಶೀರ್ ಖುರ್ಮಾ ಹೋಯಿತು. ಎರಡೂ ಮನೆಯಲ್ಲಿ ಉಂಡರು, ಹಾರೋಹಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲ. ಈದ್ ಮಾರನೇ ದಿನ ಲೋಕೇಶ ಷೆಡ್ಡಿಗೆ ಬಂದು ಮೂಲೆಯಲ್ಲಿದ್ದ ಹಸಿ ದಿಮ್ಮಿಯನ್ನೆಲ್ಲ ಚಕ್ರದ ಅಳತೆಗೆ ತುಂಡು ಮಾಡಿ ಪೇರಿಸಿದ. ಲೇತಿಗೆ ಹೊಸ ಬೆಲ್ಟು ಹಾಕಿದ. ಬಿಸ್ಮಿಲ್ಲಾರ ಉಳಿಗಳನ್ನೆಲ್ಲ ಮಸೆದು ಸಾಲಾಗಿ ಇಟ್ಟ. ಆ ತುಂಡುಗಳು ಒಣಗಿದರೆ, ಅವು ಮುಗಿಯುವ ತನಕ ಲೇತು ಓಡುತ್ತದೆ. ಆಮೇಲಿನದು ಅವರಿಗೂ ತಿಳಿಯದು. ಕುದೂರಿನ ಅಂಗಡಿಯೊಂದು ಮಾತ್ರ ಈಗಲೂ ಗಿಲಕಿ ಕೇಳುತ್ತದೆ, ಅದೂ ಅಪರೂಪಕ್ಕೆ.

ಕಾರು ಕಿಟಕಿಯಲ್ಲಿದೆ. ಪಕ್ಕದ ಮನೆಯ ಹಮೀದಾ ಅದನ್ನು ಮೊಮ್ಮಗುವಿಗೆ ಕೇಳಿದ್ದರು, ಬಿಸ್ಮಿಲ್ಲಾ ಇನ್ನೂ ಕೊಟ್ಟಿಲ್ಲ. ಈಗ ಏನು ಬೇಕೆನಿಸುತ್ತದೆ ಎಂದು ಕೇಳಿದರೆ ತಾಳೆ ಗರಿಯ ನಾರು ಬಿಡಿಸುತ್ತಾರೆ.

"ಏನೂ ಬ್ಯಾಡ. ಇಷ್ಟು ವರ್ಸದಲ್ಲಿ ಯಾವ ಮಗೀಗೂ ಗಾಯ ಆಗದಂಗೆ ಮಾಡಿವ್ನಿ. ಅದೇ ತಪ್ಪಾಯ್ತು ಅಂದ್ರೆ, ಈ ಕೈ ತಕ್ಕೊಂಡು ನಾನು ಎಲ್ಲಿಗೋಗ್ಲಿ?"

ಲೋಕೇಶ ಹಾರೋಹಳ್ಳಿಗೆ ಹೊರಟದ್ದು ಹಬ್ಬಗಳು ಮುಗಿದ ಗುರುವಾರ, ಬೆಳಗಿನ ಕನಕಪುರದ ಬಸ್ಸಿಗೆ. ಗರಗಸದ ಚೀಲವನ್ನು ಬಸ್ಸಿನ ಬಾಗಿಲ ತನಕ ಬಿಸ್ಮಿಲ್ಲಾರೇ ಹಿಡಿದುಕೊಂಡಿದ್ದರು.