ಕ್ಲೇಟನ್ನಿನ ನನ್ನ ಸೀನಿಯರ್

ಮೊನ್ನೆ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ, ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಫಿಲಿಪೀನೋ ಆಂಟಿಯ ಅಡುಗೆಮನೆಯಿಂದ ವಿನೆಗರ್, ಬೆಳ್ಳುಳ್ಳಿ ಒಟ್ಟಿಗೆ ಕುದಿಯುವ ವಾಸನೆ ಬಂತು. ಕೈಯಲ್ಲಿದ್ದ ಒದ್ದೆ ಟವೆಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮೆಲ್ಬರ್ನಿನ ಕ್ಲೇಟನ್, ಅಲ್ಲಿ ನಾವು ವಿದ್ಯಾರ್ಥಿನಿಯರು ಹಂಚಿಕೊಂಡಿದ್ದ ಬಾಡಿಗೆ ಮನೆ, ಅದರ ಪಕ್ಕದ ಮನೆಯ ಅಂಕಲ್, ಎಲ್ಲ ನೆನಪಾಯಿತು...

ಅಂಕಲ್ ಫಿಲಿಪೀನ್ಸ್‌ನಲ್ಲಿ ವಕೀಲರಾಗಿದ್ದವರು. ಸರ್ವಾಧಿಕಾರಿಯ ಕಾಲದಲ್ಲಿ ಬಂಧಿತರ ಪರ ವಾದಿಸುತ್ತ ಕೊನೆಗೆ ತಾವೂ ಜೈಲು ಕಂಡವರು. ಅವನ ವಿರುದ್ಧ ಜನ ಬೀದಿಗಿಳಿದಾಗ ಟ್ಯಾಂಕುಗಳ ಎದುರು ಕೈ ಕೈ ಹಿಡಿದು ನಿಂತವರಲ್ಲಿ ಇವರೂ ಒಬ್ಬರು. ಆಮೇಲೆ ತಮ್ಮೂರಿನ ಮೇಯರ್ ಆದರು, ಮುಂದಿನ ಚುನಾವಣೆಯಲ್ಲಿ ಸೋತರು, ಕೊನೆಗೆ ಮಗಳ ಜೊತೆಗಿರಲು ಮೆಲ್ಬರ್ನ್‌ಗೆ ಬಂದರು. ಗೆದ್ದದ್ದಕ್ಕಿಂತ ಸೋತದ್ದನ್ನೇ ಹೆಚ್ಚು ಜಂಬದಿಂದ ಹೇಳುತ್ತಿದ್ದರು.

"ಎದುರಾಳಿ ಅಕ್ಕಿ ಹಂಚಿದ, ನಾನು ಭಾಷಣ ಹಂಚಿದೆ!"

ಒಮ್ಮೆ ನಮ್ಮ ಮನೆ ಓನರ್, ಪರೀಕ್ಷೆ ಹತ್ತಿರವಿರುವಾಗಲೇ, ವಾರದೊಳಗೆ ಖಾಲಿ ಮಾಡಿ ಎಂದ. ಜೊತೆಗಿದ್ದ ಹುಬ್ಬಳ್ಳಿಯ ಗೆಳತಿ ಸೂಟ್‌ಕೇಸ್ ತೆಗೆದೇಬಿಟ್ಟಳು. "ಯಾಕ ಬೇಕವಾ ಈ ಜಗಳಾ, ಬ್ಯಾರೆ ರೂಮ್ ನೋಡೂಣು ನಡಿ" ಎಂದಳು. ಅಂಕಲ್ ಸೂಟ್‌ಕೇಸನ್ನು ಒಳಗಿಡಿಸಿ, ವಾರದ ಗಡುವು ಕಾನೂನಿಗೆ ವಿರುದ್ಧವೆಂದು, ಬಾಡಿಗೆ ತಕರಾರು ತೀರ್ಮಾನಿಸುವ ಟ್ರಿಬ್ಯುನಲ್‌ಗೆ ನಮ್ಮಿಂದ ಅರ್ಜಿ ಹಾಕಿಸಿದರು. ವಾದವನ್ನೂ ಅವರೇ ಮಾಡುತ್ತಾರೆಂದು ನಾನು ಆರಾಮಾಗಿದ್ದೆ.

"ಮನೆ ನಿನ್ನದು, ನೀನೇ ಮಾತಾಡು" ಎಂದರು.

ಸಂಜೆ ಸಂಜೆ ಅವರ ಅಡುಗೆಮನೆಯಲ್ಲಿ ತಾಲೀಮು. ಒಲೆಯ ಮೇಲೆ ಅದೇ ವಿನೆಗರ್ ಅಡುಗೆ. ಅವರು ಓನರ್ ಆಗಿ ಗದರುವುದು, ನಾನು ಉತ್ತರಿಸುವುದು. ನಾನು ಬಾಯಿ ತೆರೆದರೆ ಮೊದಲು ಬರುತ್ತಿದ್ದದ್ದೇ 'ಸಾರಿ'. ಅವರು ಸೌಟಿನಿಂದ ಪಾತ್ರೆಗೆ ಟಣ್ ಎಂದು ಬಾರಿಸುತ್ತಿದ್ದರು.

"ಮತ್ತೆ ಸಾರಿ! ಏನು ತಪ್ಪು ಮಾಡಿದ್ದೀಯ? ಮೊದಲಿಂದ ಹೇಳು."

ವಿಚಾರಣೆಯ ದಿನ ಅಂಕಲ್ ತಮ್ಮೂರಿನ ತೆಳ್ಳನೆಯ ಕಸೂತಿ ಅಂಗಿಯನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಹಿಂದಿನ ಸಾಲಿನಲ್ಲಿ ಕುಳಿತರು. ನಾನು ಎದ್ದು ನಿಂತೆ. ಒಂದೇ ಒಂದು 'ಸಾರಿ' ಇಲ್ಲದೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮನೆ ಉಳಿಯಿತು. ಬಸ್‌ ಸ್ಟಾಪಿನಲ್ಲಿ ಅಂಕಲ್ ಗುರುತಿಲ್ಲದವರಿಗೂ ನನ್ನನ್ನು ತೋರಿಸಿ "ನನ್ನ ಜೂನಿಯರ್" ಎನ್ನುತ್ತಿದ್ದರು. ಅಷ್ಟು ದೊಡ್ಡ ಪದವಿ ನನಗೆ ಮತ್ತೆ ಸಿಕ್ಕಿಲ್ಲ.

ಕೆಲಸಕ್ಕೆಂದು ಸಿಡ್ನಿಗೆ ಬಂದ ಮೇಲೂ ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದೆ. ಒಂದು ವರ್ಷ ಅವರ ಮಗಳು ಎತ್ತಿದಳು... ಅವಳು ಹೇಳುವ ಮೊದಲೇ ತಿಳಿಯಿತು.

ಮೊನ್ನೆ ಬೇಲಿಯಾಚೆಯಿಂದ ಆಂಟಿ, ಟವೆಲ್ ಹಿಡಿದೇ ನಿಂತಿದ್ದ ನನ್ನ ಕಣ್ಣೀರು ನೋಡಿ ಗಾಬರಿಯಾದರು. "ಸಾರಿ, ಸಾರಿ! ನಮ್ಮ ಅಡುಗೆ ವಾಸನೆಯಿಂದ ತೊಂದರೆ ಆಯ್ತಾ? ಕಿಟಕಿ ಮುಚ್ಚುತ್ತೇನೆ."

"ಸಾರಿ ಯಾಕೆ ಆಂಟಿ, ಏನು ತಪ್ಪು ಮಾಡಿದ್ದೀರಿ?" ಎಂದೆ. "ಕಿಟಕಿ ತೆರೆದೇ ಇರಲಿ."