ಮಳೆ ತಿಂಗಳ ಪಾಚಿ

ಸುವರ್ಣಾ, ಆ ತಿಂಗಳ ಪಾಚಿಯನ್ನು ನೀನು ಸರಿಯಾಗಿಯೇ ಒಣಗಿಸಿದ್ದೆ. ಕೆಡಿಸಿದವನು ನಾನು. ಅದನ್ನು ಮುಚ್ಚಿಟ್ಟು, ಅಳೆಯದೆಯೇ ಅಂಕಿ ಬರೆದವನೂ ನಾನು. ಕೊನೆಗೆ ತಪ್ಪು ನಿನ್ನದೆಂದು ಹೇಳಿದವನು — ಅವನೂ ನಾನೇ.

ಈ ಪತ್ರದ ಒಂದು ಪ್ರತಿ ನಮ್ಮ ಸಂಶೋಧನೆಯ ಗೈಡಿಗೂ ಹೋಗುತ್ತದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ನೀನು ನಾರಾಯಣಖೇಡದವಳು, ನಾನು ತಾಂಡೂರಿನವನು. ಹೈದರಾಬಾದಿನ ಆ ಲ್ಯಾಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕಡಲನ್ನೇ ಕಾಣದೆ ಬೆಳೆದವರು, ಕಡಲಿನ ಕೆಂಪು ಪಾಚಿಯ ಹಿಂದೆ ಬಿದ್ದಿದ್ದೆವು. ಅದನ್ನು ಕುದಿಸಿ ಸೋಸಿದರೆ ಸಿಗುವುದು ಅಗರ್ — ಅಂಗಡಿಯವರು ಚೈನಾ ಗ್ರಾಸ್ ಅನ್ನುತ್ತಾರಲ್ಲ, ಅದು. ಯಾವ ಋತುವಿನ ಪಾಚಿಯ ಅಗರ್ ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ ಎಂದು ಹನ್ನೆರಡು ತಿಂಗಳೂ ನೋಡಬೇಕಿತ್ತು. ತಿಂಗಳಿಗೊಮ್ಮೆ ನೀನು ರಾಮೇಶ್ವರದ ಕಡೆಯ ತೀರಕ್ಕೆ ಹೋಗಿ, ಮೊಣಕಾಲುದ್ದ ನೀರಿಗಿಳಿದು ಪಾಚಿ ಕಿತ್ತು, ಒಣಗಿಸಿ ತರುತ್ತಿದ್ದೆ. ಅಳೆಯುವುದು ನನ್ನ ಕೆಲಸ. ನೀನು ಬರುವ ದಿನ ಬೆಳಿಗ್ಗೆಯಿಂದಲೇ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅದನ್ನೂ ನಿನಗೆ ಎಂದೂ ಹೇಳಲಿಲ್ಲ.

ಹತ್ತನೆಯ ತಿಂಗಳಿಗೆ ತೆಲಂಗಾಣದ ಚಳವಳಿ ಜೋರಾಗಿ ಕ್ಯಾಂಪಸ್ ಮುಚ್ಚಿತು. ನೀನು ತೀರದಿಂದ ಪಾಚಿಯೊಂದಿಗೆ ನೇರ ನಿನ್ನ ಊರಿಗೆ ಬಂದಿದ್ದೆ. ತಾಂಡೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಅಳೆಯಲು ನಾನು ಒಪ್ಪಿಗೆ ಪಡೆದೆ. ಬಸ್ಸುಗಳಿರಲಿಲ್ಲ. ನೀನು ನಿಮ್ಮಣ್ಣನ ಗಾಡಿಯಲ್ಲಿ ನಮ್ಮ ಊರುಗಳ ನಡುವಿನ ಜಹೀರಾಬಾದಿಗೆ ಬಂದೆ, ನಾನು ನನ್ನ ಬೈಕಿನಲ್ಲಿ. ಬಟ್ಟೆ ಚೀಲವನ್ನು ನನ್ನ ಕೈಗಿಟ್ಟು ನೀನು ಹೇಳಿದೆ:

"ಅಲ್ಲಿ ಮಳಿ ಸುರು ಆಗ್ಯಾದ. ಮಳಿಗಾಲದ್ದು ಸಡಿಲ ಬರ್ತದ ಅಂತಾರ ಎಲ್ಲಾರೂ. ನಂಗ್ಯಾಕೋ ಇದು ಗಟ್ಟಿ ಬರ್ತದ ಅನಸ್ತದ. ಒಣಾ ಜಾಗದಾಗ ಇಡು, ಮಲ್ಲು."

"ನಾ ಇದ್ದೀನಲ್ಲ, ಚಿಂತಿ ಮಾಡಬ್ಯಾಡ," ಅಂದೆ.

ತಾಂಡೂರಿನ ಹೊರಗೆ ರಸ್ತೆತಡೆ ನಡೆದಿತ್ತು. ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಊರವನೆಂದು ನನಗೆ ದಾರಿ ಬಿಟ್ಟರು — ನಾನೇ ನಿಂತೆ. ಗೆಳೆಯರ ಜೊತೆ ಉಂಡೆ, ಘೋಷಣೆ ಕೂಗಿದೆ. ಮಳೆ ಬಂದಾಗ ಶಾಮಿಯಾನದೊಳಗೆ ಸರಿದೆ. ಚೀಲ ಬೈಕಿನ ಮೇಲೆಯೇ ಇತ್ತು. ಮನೆಗೆ ತಂದು ಮೂಲೆಯಲ್ಲಿಟ್ಟವನು ನಾಲ್ಕು ದಿನ ಅದರ ಕಡೆ ನೋಡಲಿಲ್ಲ. ಬಿಚ್ಚಿದಾಗ ಬೂಷ್ಟು ಹಿಡಿದಿತ್ತು.

ಒಂದು ಫೋನು ಸಾಕಿತ್ತು. ನೀನು ಬೈದು, ಮತ್ತೆ ಹೋಗಿ ತರುತ್ತಿದ್ದೆ. ಆದರೆ ನಿನ್ನೆದುರು ಚಿಕ್ಕವನಾಗುವುದು ನನಗೆ... ಪುಸ್ತಕಗಳು ಹೇಳುವಂತೆ, ಸಡಿಲವೆಂದು ಒಂದು ಅಂಕಿ ಬರೆದುಬಿಟ್ಟೆ. ನೀನು ಅದನ್ನು ನೋಡಿ, "ಹಂಗಾರ ನಾ ಅಂದಿದ್ದು ಸುಳ್ಳಾತು," ಎಂದು ನಕ್ಕೆ. ನಾನೂ ನಕ್ಕೆ.

ಮರುವರ್ಷ ಅದೇ ತಿಂಗಳ ಪಾಚಿಯನ್ನು ಬೇರೊಂದು ಲ್ಯಾಬಿನವರು ತಂದು ಅಳೆದರು. ಬಂದದ್ದು ಗಟ್ಟಿ ಅಗರ್. ಗೈಡ್ ಇಬ್ಬರನ್ನೂ ಕರೆದು, ನಮ್ಮ ಅಂಕಿ ಹೀಗೇಕೆ ಎಂದು ಕೇಳಿದರು. ನೀನು ನನ್ನತ್ತ ನೋಡಿದೆ — ಇವನು ಹೇಳುತ್ತಾನೆ ಎಂಬ ನಂಬಿಕೆಯಿಂದ. ಪಾಚಿ ನನ್ನ ಕೈಗೆ ಬಂದಾಗಲೇ ಹಸಿ ಇತ್ತು ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಮಾತಿನಲ್ಲಾಗಿದ್ದರೆ ನಾಲಿಗೆ ಏಳುತ್ತಿತ್ತೋ ಇಲ್ಲವೋ.

ಹೊರಗೆ ಬಂದ ಮೇಲೆ ನೀನು ಕೇಳಿದ್ದು ಒಂದೇ.

"ಖರೇನೇ ಹಸಿ ಇತ್ತೇನು, ಮಲ್ಲು?"

"ಇತ್ತು."

"ಹಂಗಾರ ತಪ್ಪು ನಂದೇ ಅದ."

ನೀನು ಜಗಳವಾಡಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ನೀನು ನಂಬಿಬಿಟ್ಟೆ — ನನ್ನನ್ನು ನಂಬಿ, ನಿನ್ನ ಕೈಗಳನ್ನೇ ಅನುಮಾನಿಸಿದೆ. ಗೈಡ್ ಆಮೇಲೆ ನಿನ್ನನ್ನು ತೀರಕ್ಕೆ ಕಳಿಸಲಿಲ್ಲ. ವರ್ಷ ತುಂಬುವ ಮೊದಲೇ ನೀನು ಸಂಶೋಧನೆ ಬಿಟ್ಟೆ. ನಿಮ್ಮೂರ ಹತ್ತಿರದ ಕಲ್ಹೇರಿನ ಶಾಲೆಯಲ್ಲಿ ಪಾಠ ಮಾಡುತ್ತೀ ಎಂದು ಯಾರೋ ಹೇಳಿದರು. ನನಗೆ ಡಾಕ್ಟರೇಟ್ ಬಂತು, ತಾಂಡೂರಿನಲ್ಲೇ ಕೆಲಸ ಸಿಕ್ಕಿತು, ತೆಲಂಗಾಣ ರಾಜ್ಯವೂ ಬಂತು. ಬೀದಿಯಲ್ಲಿ ಎಲ್ಲರೂ ಕುಣಿದ ದಿನ ನಾನು ನಿನ್ನ ನಂಬರು ತೆಗೆದು, ಒತ್ತದೆ ಕೂತಿದ್ದೆ. ಆಮೇಲೆಯೂ ಎಷ್ಟೋ ಸಲ ಹಾಗೆಯೇ. ನಿನ್ನ ದನಿ ಒಮ್ಮೆ ಕೇಳಿದರೆ ಸಾಕು ಅನ್ನಿಸುತ್ತಿತ್ತು. ಕೇಳಿದ ಮೇಲೆ ಹೇಳಬೇಕಾದ್ದು ನೆನಪಾಗಿ —

ಹೋದ ವಾರ ವಿಶ್ವವಿದ್ಯಾಲಯಕ್ಕೆ ಬರೆದೆ: ಆ ಅಂಕಿ ಸುಳ್ಳು, ಪದವಿಯ ವಿಷಯದಲ್ಲಿ ನಿಮ್ಮ ತೀರ್ಮಾನಕ್ಕೆ ಬದ್ಧ ಎಂದು. ನಿನ್ನ ಈ ಪತ್ರವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ನಾಳೆ ಕಲ್ಹೇರಿಗೆ ಬಂದು, ಶಾಲೆ ಬಿಟ್ಟ ಮೇಲೆ ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಗೇಟಿನ ಹೊರಗೆ ನಿಂತಿರುತ್ತೇನೆ. ನೀನು ಏನೇ ಅಂದರೂ ಕೇಳಿಕೊಳ್ಳುತ್ತೇನೆ. ಏನೂ ಅನ್ನದೆ ನನ್ನನ್ನು ದಾಟಿ ಹೋದರೆ — ಅದನ್ನೂ.