ಎತ್ತುಗಳು ತಾವಾಗಿ ನಡೆಯಲಿಲ್ಲ

ಮರಿಯಾ, ಆ ದಿನ ಎತ್ತುಗಳನ್ನು ನಾನು ಹೊಡೆದೆ. ನೀನು ‘ತಡಿ’ ಅಂದದ್ದು ಕೇಳಿಸಿತ್ತು — ಕೇಳಿಸಿದ ಮೇಲೆಯೇ ಹೊಡೆದೆ.

ಅರವತ್ತರ ದಶಕದ ಮೊದಲ ವರ್ಷಗಳು. ಹಳಿಯಾಳದ ಹತ್ತಿರ ಅಪ್ಪನ ಕಬ್ಬಿನ ಗಾಣ. ನೀನು ಸಿದ್ದಿಯರ ಕೇರಿಯಿಂದ ಕೂಲಿಗೆ ಬರುತ್ತಿದ್ದವಳು, ನಾನು ಗಾಣದ ಒಡೆಯನ ಮಗಳು. ಆದರೂ ಮೂರು ಸುಗ್ಗಿ ಒಂದೇ ಬುತ್ತಿ ಬಿಚ್ಚಿ ಉಂಡಿದ್ದೆವು. ಗಾಣಕ್ಕೆ ಕಬ್ಬು ಕೊಡುವವಳು ನೀನು, ಎತ್ತು ಹೊಡೆಯುವವಳು ನಾನು. ಆ ಮಧ್ಯಾಹ್ನ ಕಬ್ಬು ಕೊಡುತ್ತಲೇ ನೀನು ಅಂದೆ — “ಗಂಗೂ, ಮುಂಡಗೋಡದಾಗ ನನ್ನ ಮದಿವಿ ಗಟ್ಟಿ ಆತು. ಮುಂದಿನ ಸುಗ್ಗಿಗೆ ನಾ ಇರೂದಿಲ್ಲ.” ಊರಿಗೆಲ್ಲ ಮೊದಲೇ ಗೊತ್ತಿತ್ತಂತೆ. ನನಗೆ ಕೊನೆಗೆ ಹೇಳಿದೆ ಎಂದು — ಅಷ್ಟಕ್ಕೇ — ಮೈ ಉರಿಯಿತು.

ಅಷ್ಟರಲ್ಲಿ ಉರುಳೆಗಳ ನಡುವೆ ಕಬ್ಬೊಂದು ಸಿಕ್ಕಿಕೊಂಡಿತು. ಎತ್ತು ನಿಲ್ಲಿಸಿದೆ. ಆ ಕಬ್ಬನ್ನು ಕೀಳಲು ನೀನು ಬಲಗೈ ಹಾಕಿದೆ. “ತಡಿ ಗಂಗೂ, ಹೊಡೀಬ್ಯಾಡ.” ನನ್ನ ಬಾರುಕೋಲು ಎದ್ದಿತು — ಅಲ್ಲ, ನಾನೇ ಎತ್ತಿದೆ. ಎತ್ತುಗಳು ಇಟ್ಟದ್ದು ಎರಡೇ ಹೆಜ್ಜೆ. ನಿನ್ನ ಮೂರು ಬೆರಳು...

“ಎತ್ತು ತಾವ ಹೋದ್ವು,” ಅಂದೆ ಅಪ್ಪನಿಗೆ. ಅಪ್ಪ ನಿಮ್ಮವರಿಗೆ, “ನಿಮ್ಮ ಹುಡಿಗಿ ಲಕ್ಷ್ಯ ಇಡಲಿಲ್ಲ,” ಅಂದರು. ನಿನ್ನ ಮದುವೆ ಮುರಿಯಿತು. ನೀನು ಇಲ್ಲೇ ಉಳಿಯಬೇಕು ಎಂದು ಬಯಸಿದ್ದೆನಲ್ಲ — ಹೊಡೆದಾಗ ಅಷ್ಟು ದೂರ ಯೋಚಿಸಿದ್ದೆನೇ? ನಿನ್ನ ಬೆರಳು ಹೋಗಲಿ ಎಂದಿರಲಿಲ್ಲ, ಅಷ್ಟು ಬಲ್ಲೆ. ಆದರೆ ಕೈ ಅಲ್ಲಿದ್ದದ್ದು ಕಣ್ಣಿಗೆ ಕಂಡಿತ್ತು. ನೀನು ಉಳಿಯಲೂ ಇಲ್ಲ. ಜೋಯಿಡಾದ ಚಿಕ್ಕಮ್ಮನ ಮನೆಗೆ ಹೊರಟುಹೋದೆ.

ಕೆಲವು ವರ್ಷಗಳ ಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆ. ಅತ್ತವಳು ನಾನು, ಸಮಾಧಾನ ಮಾಡಿದವಳು ನೀನು. “ಅಳಬ್ಯಾಡ. ನಾನ ಏನರ ಕೂಗಿರಬೇಕು, ಎತ್ತು ಬೆದರಿದ್ವು. ನನ್ನ ಕೈಯಾರ ನಾನ ಮಾಡಿಕೊಂಡಿದ್ದು.”

ನಾನು ಮಾಡಿದ್ದನ್ನು ನೀನು ನಿನ್ನದೆಂದೇ ನಂಬಿಬಿಟ್ಟಿದ್ದೆ. ಆಗಲಾದರೂ ಹೇಳಬೇಕಿತ್ತು... ನಿನ್ನ ಬಸ್ಸು ಬಂತು.

ಗಂಡ, ಮಕ್ಕಳು, ಮೊಮ್ಮಕ್ಕಳು — ಎಲ್ಲ ಆಯಿತು, ಮರಿಯಾ. ಆದರೂ ಹೊರಗೆ ಯಾರಾದರೂ ‘ಗಂಗೂ’ ಅಂದಂತಾದರೆ ಈಗಲೂ ಎದ್ದುಹೋಗಿ ನೋಡುತ್ತೇನೆ. ಹಾಗೆ ಕರೆಯುವವರು ಬೇರೆ ಯಾರೂ ಉಳಿದಿಲ್ಲ.

ನೀನು ಜೋಯಿಡಾದಲ್ಲೇ ಇದ್ದೀಯಂತೆ. ಈ ವಾರ ಬರುತ್ತೇನೆ. ಹೊಸ್ತಿಲ ಹೊರಗೆ ನಿಂತೇ ಇದಿಷ್ಟನ್ನೂ ಹೇಳುತ್ತೇನೆ. ಒಳಗೆ ಕರೆಯಬೇಕೋ ಬೇಡವೋ — ಅದನ್ನು ನೀನು ತೀರ್ಮಾನಿಸು.